ಕೌದಿ ಮುಂದೆ ಕುಂತ ಮುಖಗಳು

ನಮ್ಮ ವಾಚನಾಲಯದ ಪಡುವಣ ಗೋಡೆಗೆ ಹನ್ನೊಂದು ಫೋಟೋ ತೂಗು ಹಾಕಿ ತಿಂಗಳಾತು. ನಮ್ಮೂರ ಹುಡುಗನೇ ತೆಗೆದವು. ಇಪ್ಪತ್ತೆರಡು ವರ್ಷ, ಡಿಗ್ರಿ ಮುಗಿಸ್ಯಾನೆ. ಹೆಸರು ಬರಿಯೋದು ಬ್ಯಾಡ ತಾತ ಅಂದಾನೆ, ಬರಿಯಲ್ಲ. ನೋಡಿದ ಮಂದಿ ‘ಚಲೋ ಅದಾವೆ’ ಅಂತಾರೆ, ಹೋಗ್ತಾರೆ. ಅದು ವಿಮರ್ಶೆ ಅಲ್ಲ. ಭಜನೆ ಮುಗಿದ ಮೇಲೆ ಚಹಾ ಕುಡಿಯೋವಾಗ ಎಲ್ಲಾರೂ ಎಲ್ಲಾರಿಗೂ ಹೇಳೋ ಮಾತು ಅದು.

ಹುಡುಗ ಕೇಳ್ತಿರೋದು ಬೇರೆ. ಮನುಷ್ಯರ ಮುಖ ತೆಗೆಯೋದನ್ನೇ ಉದ್ಯೋಗ ಮಾಡಿಕೊಂಡು ಬದುಕಬಹುದಾ ಅಂತ. ರೊಕ್ಕ ಕೊಟ್ಟು ತೆಗೆಸಿಕೊಳ್ಳೋ ಫೋಟೋ ಒಂದು ಬಗೆ, ಯಾರೂ ಕೇಳದೆ ಕಲೆ ಅಂತ ತೆಗೆಯೋ ಫೋಟೋ ಇನ್ನೊಂದು ಬಗೆ. ಎರಡೂ ಸೇರಿ ಹೊಟ್ಟೆ ತುಂಬುತ್ತಾ ಅಂತ. ಅವರಪ್ಪ ಕೇಳ್ತಿರೋದು ಇನ್ನೂ ಬೇರೆ. ಮೆಣಸಿನಕಾಯಿ ಬಿಡಿಸೋಕೆ ಗುಂಟೂರು ಕಡೆ ಮಂದಿ ಹೊರಡೋವಾಗ ಮಗ ಬರ್ತಾನಾ ಇಲ್ಲಾ, ಅವ್ವನ ಬೆಂಡೋಲಿ ಅಡ ಇಟ್ಟು ತಂದ ಹಳೇ ಕ್ಯಾಮೆರಾ ಆ ಬೆಂಡೋಲಿ ಬಿಡಿಸಿಕೊಡುತ್ತಾ ಇಲ್ಲಾ, ಅಷ್ಟೇ ಅವರ ಪ್ರಶ್ನೆ. ಎರಡು ಪ್ರಶ್ನೆಯೂ ನ್ಯಾಯವಾದವೇ. ಹಂಗಾಗಿ ಫೋಟೋಗಳ ಬಗ್ಗೆ ಬರೆಯೋವಾಗ ಉದ್ಯೋಗದ ಬಗ್ಗೆಯೂ ಬರೀತೀನಿ, ಎರಡನ್ನೂ ಬಿಡಿಸಿ ನೋಡೋಕೆ ನನಗೆ ಬರಾಂಗಿಲ್ಲ. ನಾನು ಕ್ಯಾಮೆರಾ ಹಿಡಿದವನಲ್ಲ. ಆದರೆ ನಲವತ್ತು ವರ್ಷ ಬಯಲಾಟದ ಅಟ್ಟದ ಮೇಲಿಂದ, ಭಜನಿ ಮನೆಯಿಂದ, ಎದುರಿಗೆ ಕುಂತವರ ಮುಖ ನೋಡಿಕೊಂಡೇ ಹಾಡಿದವನು. ಯಾವ ಮುಖ ಬಿಚ್ಚಿಕೊಂಡೈತೆ, ಯಾವುದು ಬಾಗಿಲು ಹಾಕ್ಕೊಂಡೈತೆ ಅನ್ನೋದು ಅಷ್ಟರ ಮಟ್ಟಿಗೆ ತಿಳೀತದೆ.

ಮೊದಲು ನಮ್ಮ ಕಡೆ ಫೋಟೋ ಅನ್ನೋದು ಹೆಂಗಿತ್ತು ಅಂತ ನೆನಪು ಮಾಡಿಕೊಳ್ಳೋಣ. ಆದೋನಿಗೆ ಹತ್ತಿ ಮಾರೋಕೆ ಹೋದವರು, ರೊಕ್ಕ ಕೈಗೆ ಬಂದರೆ, ಹೊಸ ಮದುವಿ ಆಗಿದ್ದರೆ, ಸ್ಟುಡಿಯೋಕ್ಕೆ ಹೋಗೋರು. ಒಳಗೆ ಬಣ್ಣದ ಪರದೆ: ಮೆಟ್ಟಿಲು, ಹೂವಿನ ಕುಂಡ, ಹಿಂದೆ ಒಂದು ಕೆರೆ. ಮೂಲ್ಯಾಗೆ ಕನ್ನಡಿ, ಎಲ್ಲಾರ ತಲಿಗೂ ಒಂದೇ ಬಾಚಣಿಗಿ, ಪೌಡರ್ ಡಬ್ಬಿ. ಗದ್ದ ಇಳಸು, ಕಣ್ಣು ಬಿಡು, ಉಸಿರು ಹಿಡಿ ಅನ್ನೋರು. ಗಂಡ ಕುರ್ಚಿ ಮೇಲೆ, ಹೆಂಡ್ತಿ ನಿಂತುಕೊಂಡು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್‌ನಿಂದ ತಿದ್ದಿ ಸಿಡುಬಿನ ಕಲೆ ಮುಚ್ಚೋರು. ತೀರಿಕೊಂಡವರ ಫೋಟೋ ಇಲ್ಲದಿದ್ದರೆ ಯಾವುದೋ ಮದುವಿ ಗುಂಪಿನಾಗಿಂದ ತಲೆಯಷ್ಟೇ ತೆಗೆದು, ದೊಡ್ಡದು ಮಾಡಿ, ಜನ್ಮದಾಗೆ ಕೋಟು ತೊಡದವನಿಗೆ ಕೋಟು ಹಾಕಿ ಕೊಡೋರು. ಈಗಿನವರು ಇದನ್ನ ನೋಡಿ ನಗ್ತಾರೆ. ನಾನು ನಗಾಂಗಿಲ್ಲ. ಮನೆಯವರು ಎಂಗೆ ನೆನೆಯಬೇಕು ಅಂತ ಬಯಸ್ತಾರೋ ಹಂಗೆ ಸತ್ತವನನ್ನ ಮಾಡಿಕೊಡೋದು ಸಣ್ಣ ಕೆಲಸ ಅಲ್ಲ. ಅವರಿಗೆ ಕಲಾವಿದ ಅಂತ ಯಾರೂ ಅನ್ನಲಿಲ್ಲ.

ಬಡವರ ಮನೆಗೆ ಮಾತ್ರ ಫೋಟೋ ಬಂದಿದ್ದು ಸ್ಟುಡಿಯೋದಿಂದಲ್ಲ, ಸರ್ಕಾರದಿಂದ. 1993ರಲ್ಲಿ ಟಿ. ಎನ್. ಶೇಷನ್ ಚುನಾವಣಾ ಆಯುಕ್ತರಾಗಿದ್ದಾಗ ಮತದಾರರಿಗೆ ಫೋಟೋ ಇರೋ ಗುರುತಿನ ಚೀಟಿ ಅಂತ ಶುರುವಾತು. ಸಾಲಿ ಮುಂದೆ ಸಾಲು ನಿಲ್ಲಿಸಿ ಹಿಡಿದರು. ಆಮೇಲೆ ಆಧಾರ್ ಬಂತು. ನಮ್ಮೂರಾಗೆ ಎಷ್ಟೋ ಮುದುಕಿಯರು ತೀರಿಕೊಂಡಾಗ ಗೋಡೆಗೆ ಹಾಕೋಕೆ ಸಿಕ್ಕಿದ್ದು ಆ ಚೀಟಿ ಫೋಟೋನೇ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಇವರು ಯಾಕೆ ನನ್ನ ಹಿಡೀತಾರೆ ಅಂತ ಗಾಬರಿಯಾಗಿ ನೋಡೋ ಮುಖ. ಆ ಗಾಬರಿಗೆ ಹಾರ ಹಾಕಿ ಊದಿನಕಡ್ಡಿ ಹಚ್ತೀವಿ. ಅರವತ್ತು ವರ್ಷ ದುಡಿದವಳಿಗೆ ಉಳಿದ ಮುಖ ಅದೊಂದೇ. ಮುಖ ತೆಗೆಯೋ ಉದ್ಯೋಗ ಬೇಕಾ ಅಂತ ಕೇಳೋರಿಗೆ ನಾನು ಇದನ್ನೇ ತೋರಿಸ್ತೀನಿ.

ಈಗ ಗೋಡೆಗೆ ಬರೋಣ. ಹನ್ನೊಂದರಾಗೆ ನಾಲ್ಕು ನಿಜವಾಗಿ ಚಲೋ ಅದಾವೆ, ಮೂರು ನಡೀತಾವೆ, ನಾಲ್ಕನ್ನ ನಾನಾಗಿದ್ದರೆ ಹಾಕ್ತಿರಲಿಲ್ಲ.

ಮೊದಲು ಹಾಕಬಾರದಿದ್ದವು. ಎರಡು ಫೋಟೋದಾಗೆ ಮುದುಕರ ಮುಖ ಕಪ್ಪು ಬಿಳುಪಿನಾಗೆ ಐತೆ. ಎಷ್ಟು ಹತ್ತಿರ ಅಂದ್ರೆ ಕಿವಿ ಕಾಣಾಂಗಿಲ್ಲ. ಸುಕ್ಕು ಒಂದೊಂದೂ ನೇಗಿಲು ಹೊಡೆದ ಸಾಲಿನಂಗೆ ಎದ್ದು ಕಾಣ್ತದೆ. ಆ ಮುದುಕರಿಬ್ಬರನ್ನೂ ನಾನು ಬಲ್ಲೆ, ಅಷ್ಟು ಸುಕ್ಕು ಅವರಿಗಿಲ್ಲ. ಕಂಪ್ಯೂಟರಿನಾಗೆ ಗುಂಡಿ ಎಳೆದರೆ ಸುಕ್ಕು ಹೆಚ್ಚಾಗ್ತಾವಂತೆ. ಮೈಕಿಗೆ ಎಕೋ ಹಾಕಿದಂಗೆ ಇದು. ಗಂಟಲು ಸಾಲದವನು ಎಕೋ ಹಾಕಿಸ್ತಾನೆ, ಕೇಳೋರಿಗೆ ಭಾರೀ ಅನಿಸ್ತದೆ, ಪದದ ಮಾತು ಮಾತ್ರ ಕೇಳಿಸಾಂಗಿಲ್ಲ. ಆ ಇಬ್ಬರಾಗೆ ಒಬ್ಬ ನಮ್ಮ ಸೀಮ್ಯಾಗೇ ನಗಿಸೋದರಾಗೆ ಮೊದಲನೆಯವನು, ಬಾಯಿ ತೆರೆದರೆ ಹಾಸ್ಯ. ಫೋಟೋದಾಗೆ ಅವನು ಬರಗಾಲದ ಪೋಸ್ಟರ್ ಆಗ್ಯಾನೆ. ಊರ ಮುದುಕ ಅಂದ್ರೆ ಸುಕ್ಕು, ಸುಕ್ಕು ಅಂದ್ರೆ ಕಷ್ಟ, ಕಷ್ಟ ಅಂದ್ರೆ ಕಲೆ ಅನ್ನೋ ಲೆಕ್ಕ ಪಟ್ಟಣದವರದು. ಅವರಿಗೆ ಬೇಕಾದ್ದನ್ನ ನಾವೇ ಒಯ್ದು ಕೊಡೋದು ಯಾತಕ್ಕೆ? ಮೂರನೇದು ಎತ್ತು, ಸಂಜಿ ಸೂರ್ಯ. ಕ್ಯಾಲೆಂಡರಿಗೆ ಸರಿ, ಅದರಾಗೆ ಮುಖವೇ ಇಲ್ಲ.

ನಾಲ್ಕನೇದು ದೇವರಗಟ್ಟಿನ ಬನ್ನಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀಬೇಕು.

ವಿಜಯದಶಮಿ ರಾತ್ರಿ ಹೊಳಗುಂದಿ ಮಂಡಲದ ದೇವರಗಟ್ಟಿನ ಗುಡ್ಡದ ಮೇಲೆ ಮಾಳ ಮಲ್ಲೇಶ್ವರ ಸ್ವಾಮಿಯ ಕಲ್ಯಾಣ ಆಗ್ತದೆ, ದೇವರನ್ನ ಕೆಳಗಿಳಿಸಿ ಮೆರವಣಿಗಿ ಹೊರಡ್ತದೆ, ಊರೂರಿನ ಮಂದಿ ಬಡಿಗಿ, ದೀವಟಿಗಿ ಹಿಡಿದು ಬರ್ತಾರೆ, ತಲೆ ಒಡೀತಾವೆ. ವರ್ಷಾ ವರ್ಷಾ ಪೇಪರಿನಾಗೆ, ಟೀವಿಯಾಗೆ ಬರ್ತದೆ. ಕ್ಯಾಮೆರಾದವರು ಎಲ್ಲೆಲ್ಲಿಂದಲೋ ಬರ್ತಾರೆ. ಅವರು ತೆಗೆದವು ಎಷ್ಟು ನೋಡಿದರೂ ಒಂದೇ: ಎತ್ತಿದ ಬಡಿಗಿ, ಬೆಂಕಿ, ಹೊಗಿ, ಹಣಿ ಮೇಲೆ ರಗತ. ನೂರು ಬಡಿಗಿ ಕಾಣ್ತಾವೆ, ಒಬ್ಬ ಮನುಷ್ಯ ಕಾಣಾಂಗಿಲ್ಲ. ಬೆಳಗಿನ ಜಾವ ಕಾರಣಿಕ ನುಡೀತಾರೆ, ಮಳಿ ಬೆಳಿ ಹೆಂಗೆ ಅಂತ. ನಮ್ಮ ರೈತರು ನಿದ್ದಿಗೆಟ್ಟು ಕುಂತಿರೋದು ಅದಕ್ಕೆ. ಆ ಕಾರಣಿಕ ಕೇಳೋ ಮುಖಗಳಾಗೆ ಇರೋ ಆಸಿ, ಅಂಜಿಕಿ, ಅದನ್ನ ತೆಗೆಯಬೇಕು ಅಂದ್ರೆ ಬೆಳಗಿನ ತನಕ ಕಾಯಬೇಕು. ಕ್ಯಾಮೆರಾದವರು ಬಹಳ ಮಂದಿ ರಗತ ಸಿಕ್ಕ ಕೂಡಲೇ ಗಾಡಿ ಹತ್ತಿರ್ತಾರೆ. ನಮ್ಮ ಹುಡುಗನೂ ಅವರು ನಿಂತ ಜಾಗದಾಗೇ ನಿಂತು ಅವರು ತೆಗೆದದ್ದನ್ನೇ ತೆಗೆದಾನೆ. ಅವನು ಆ ಸೀಮೆಯವನು, ಕಾರಣಿಕದ ಅರ್ಥ ತಿಳಿದವನು, ಕಾಯೋಕೆ ಬರೋವನು. ದೂರದಿಂದ ಬಂದವರ ಕಣ್ಣನ್ನ ಬಾಡಿಗಿ ತಂದು ತನ್ನೂರ ಜಾತ್ರಿ ನೋಡ್ಯಾನೆ. ಅದಕ್ಕೇ ಬ್ಯಾಡ ಅಂದೆ.

ಇನ್ನು ಚಲೋ ಇರೋ ನಾಲ್ಕು.

ಒಂದು, ಕೌದಿ ಹೊಲಿಯೋ ಅಜ್ಜಿ. ತಾನೇ ಹೊಲಿದ ಕೌದಿಯನ್ನ ಹಗ್ಗಕ್ಕೆ ಹಾಕಿಸಿ, ಅದರ ಮುಂದೆ ಕುಂತಾಳೆ. ಹಿಂದೆ ಹಳೇ ಸೀರಿ ತುಂಡು, ಲುಂಗಿ ತುಂಡು, ಯಾರದೋ ಮದುವಿ ರವಿಕಿ ತುಂಡು. ಮುಂದೆ ಆಕಿ. ಕೈ ಎರಡೂ ತೊಡಿ ಮೇಲೆ ಅಗಲ ಮಾಡಿ ಇಟ್ಟಾಳೆ, ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿರೋದು ಕಾಣ್ತದೆ. ನಾನು ಕೇಳಿದೆ, ಕೌದಿ ಯಾರ ಬುದ್ಧಿ ಅಂತ. ಅಜ್ಜಿದೇ ತಾತ, ‘ಗೋಡಿ ಸುಣ್ಣ ಬಿದ್ದೈತೆ, ಇದನ್ನ ಹಾಕು’ ಅಂದಳು ಅಂದ. ನೋಡ್ರಿ, ಅಜ್ಜಿ ತನ್ನ ಫೋಟೋಕ್ಕೆ ತಾನೇ ಪರದೆ ಕಟ್ಟಿದಳು. ಫೋಟೋ ಅರ್ಧ ಆಕಿದೇ. ಈ ಹನ್ನೊಂದರಾಗೆ ಇದು ಮೇಲಾಗಿರೋಕೆ ಅದೇ ಕಾರಣ.

ಇದೇ ಮಾತಿಗೆ ಹುಡುಗ ಫೋನಿನಾಗೆ ಒಬ್ಬರ ಫೋಟೋ ತೋರಿಸಿದ. ಆಫ್ರಿಕಾದ ಮಾಲಿ ದೇಶ, ಬಮಾಕೊ ಅನ್ನೋ ಊರು, ಸೇಡು ಕೇಟಾ ಅಂತ ಅವರ ಹೆಸರು. ಮನೆತನದ ಕೆಲಸ ಬಡಗಿ ಕೆಲಸ. 1935ರಲ್ಲಿ ಅವರ ಚಿಕ್ಕಪ್ಪ ಊರಿಂದ ಬರೋವಾಗ ಒಂದು ಡಬ್ಬಿ ಕ್ಯಾಮೆರಾ ತಂದುಕೊಟ್ಟ. ಬಡಗಿ ಕೆಲಸ ಮಾಡ್ತಾನೇ ಕಲಿತು 1948ರಲ್ಲಿ ತಮ್ಮ ಮನಿ ಜಾಗದಾಗೇ ಸ್ಟುಡಿಯೋ ಹಾಕಿದರು. ಹಗಲು ಬೆಳಕೇ ಬೆಳಕು. ಹಿಂದೆ ಪರದೆ ಬೇಕಲ್ಲ, ತಮ್ಮ ಹಾಸಿಗಿ ಮೇಲಿನ ಹೊದಿಕಿಯನ್ನೇ ಕಟ್ಟಿದರು. ಫಿಲಂಗೆ ರೊಕ್ಕ ಜಾಸ್ತಿ, ಹಂಗಾಗಿ ಒಬ್ಬರಿಗೆ ಒಂದೇ ಸಲ ಹೊಡೆಯೋರು. ಆ ಒಂದು ಸಲಕ್ಕೆ ಮುಂಚೆ ಕುಂದರಿಸಿ, ಕೈ ಎಲ್ಲಿಡಬೇಕು, ಮುಖ ಎತ್ತ ತಿರುಗಬೇಕು ಅಂತ ಎಲ್ಲಾ ನೋಡೋರು. ಬಂದವರು ವಾಚು, ರೇಡಿಯೋ, ಸ್ಕೂಟರು ಬೇಕು ಅಂದ್ರೆ ಅವೂ ಸ್ಟುಡಿಯೋದಾಗೇ ಇದ್ದವು. ಹತ್ತಾರು ವರ್ಷ ಅವರು ಮಾಡಿದ್ದು ಬರೀ ಊರವರಿಗೆ ಫೋಟೋ ತೆಗೆದುಕೊಡೋ ಅಂಗಡಿ ಕೆಲಸ. 1994ರಲ್ಲಿ ಪ್ಯಾರಿಸ್ಸಿನಾಗೆ ಅವೇ ಫೋಟೋಗಳ ದೊಡ್ಡ ಪ್ರದರ್ಶನ ಆತು, ಜಗತ್ತು ಅದನ್ನ ಕಲೆ ಅಂತ ಕರೀತು. ಫೋಟೋ ಅವೇ, ಹೊದಿಕಿ ಅದೇ. ಹಂಗಿದ್ದ ಮೇಲೆ ಅಂಗಡಿ ಕೆಲಸ ಒಂದು ಕಡೆ, ಕಲೆ ಒಂದು ಕಡೆ ಅಂತ ಗೆರಿ ಎಳೆಯೋರು ಯಾರು?

ಒಂದೇ ಸಲ ಹೊಡೆಯೋದು ಅಂದೆನಲ್ಲ. ಹಿಂದಿನ ಒಂದು ಬಗೆ ಕ್ಯಾಮೆರಾದಾಗೆ ರೀಲಿಗೆ 12 ಫೋಟೋ ಬರ್ತಿದ್ದವು, ಎದಿ ಹತ್ತಿರ ಹಿಡಿದು ತಲಿ ಬಗ್ಗಿಸಿ ಮೇಲಿಂದ ನೋಡಬೇಕಿತ್ತು. ತೆಗೆಯೋವನು ಎದುರಿಗಿದ್ದವರಿಗೆ ನಮಸ್ಕಾರ ಮಾಡಿದಂಗೆ ಕಾಣೋದು. ಈಗಿನ ಕ್ಯಾಮೆರಾ ಕಣ್ಣಿಗೆ ಹಚ್ಚಿ ಟಪಟಪ ಅಂತ ನೂರು ಹೊಡೀತಾರೆ, ಕುಂತವರಿಗೆ ಯಾವುದಕ್ಕೆ ಉಸಿರು ಹಿಡೀಬೇಕು ತಿಳಿಯಾಂಗಿಲ್ಲ. ಹುಡುಗನಿಗೆ ಹೇಳಿದ್ದೀನಿ, ದಿನಕ್ಕೆ 12 ಅಂತ ಲೆಕ್ಕ ಇಟ್ಟುಕೋ ಅಂತ. ಕೇಳ್ತಾನೋ ಇಲ್ಲೋ.

ಎರಡನೇದು, ಆದೋನಿ ಮಾರ್ಕೆಟ್ ಯಾರ್ಡಿನ ಹಮಾಲಿ. ತಲಿ, ಹುಬ್ಬು, ಮೀಸಿ ಎಲ್ಲಾ ಹತ್ತಿ ಎಳಿ. ಅಂಗಳದಾಗೆ ಅಂಡಿಗಿ ಇಳಿಸಿ, ಬೀಡಿ ಹಚ್ಚೋಕೆ ಮುಂಚೆ ನಿಂತಾನೆ. ಮೂರನೇದು, ದುರ್ಯೋಧನ ಬಣ್ಣ ಒರೆಸಿಕೊಳ್ಳೋದು. ಅರ್ಧ ಮುಖ ರಾಜ, ಅರ್ಧ ಮುಖ ನಮ್ಮ ಪಕ್ಕದ ಹೊಲದವನು. ನಾಲ್ಕನೇದು ಹುಡುಗನ ಅಪ್ಪ. ಕೈ ಹಿಂದಕ್ಕೆ ಕಟ್ಟಿ, ಬಾಯಿ ಬಿಗಿ ಹಿಡಿದು, ಕ್ಯಾಮೆರಾವನ್ನ ಸಾಲ ಕೊಟ್ಟವನನ್ನ ನೋಡಿದಂಗೆ ನೋಡ್ತಾರೆ. ಆ ಕ್ಯಾಮೆರಾದ ಮೇಲೆ ಅವರಿಗಿರೋ ಸಿಟ್ಟೇ ಆ ಫೋಟೋದ ಜೀವ. ಮಗ ಅದನ್ನ ಮುಚ್ಚಲಿಲ್ಲ, ನಗಪ್ಪ ಅನ್ನಲಿಲ್ಲ. ಇದನ್ನ ಗೋಡೆಗೆ ಹಾಕಿದ ಧೈರ್ಯಕ್ಕೆ ಅವನು ಈ ಕೆಲಸಕ್ಕೆ ತಕ್ಕವನು ಅಂತ ನನಗೆ ಅನಿಸ್ತು.

ದುರ್ಯೋಧನನ ಮಾತು ಬಂದದ್ದರಿಂದ ಪುಷ್ಪಮಾಲ ಎನ್. ಅವರ ಮಾತಾಡಬೇಕು. ಬೆಂಗಳೂರಿನವರು, 1956ರಲ್ಲಿ ಹುಟ್ಟಿದವರು, ಬರೋಡಾದಾಗೆ ಶಿಲ್ಪ ಕಲಿತವರು. ನಲವತ್ತು ವರ್ಷ ಆದ ಮೇಲೆ ಶಿಲ್ಪ ಬಿಟ್ಟು ಫೋಟೋ ಕಡೆ ಬಂದರು. ಬೇರೆಯವರನ್ನ ತೆಗೆಯಲಿಲ್ಲ, ತಾವೇ ವೇಷ ಕಟ್ಟಿ ಕ್ಯಾಮೆರಾ ಮುಂದೆ ನಿಂತರು. 2000ದಿಂದ 2004ರ ತನಕ ಕ್ಲೇರ್ ಆರ್ನಿ ಅನ್ನೋ ಫೋಟೋಗ್ರಾಫರ್ ಜೊತೆ ಸೇರಿ ದಕ್ಷಿಣ ಭಾರತದ ಹೆಣ್ಣುಮಕ್ಕಳು ಅಂತ ಒಂದು ದೊಡ್ಡ ಮಾಲಿಕೆ ಮಾಡಿದರು. ರವಿವರ್ಮನ ಲಕ್ಷ್ಮಿ ಆಗ್ಯಾರೆ. ಬಿಜಾಪುರದ ಸುಲ್ತಾನರ ಕಾಲದ ಚಿತ್ರದಾಗಿನ ಯೋಗಿನಿ ಆಗ್ಯಾರೆ. ಸಿನಿಮಾದಾಗೆ ಚಾಟಿ ಹಿಡಿದ ಜಯಲಲಿತಾ ಆಗ್ಯಾರೆ. ಪೇಪರಿನಾಗೆ ಬಂದ ಸರಗಳ್ಳಿ ಆಗ್ಯಾರೆ. ಬ್ರಿಟಿಷರು ಗುಡ್ಡಗಾಡಿನ ಮಂದಿಯನ್ನ ಚೌಕಳಿ ಪರದೆ ಮುಂದೆ ನಿಲ್ಲಿಸಿ, ದನ ಅಳೆದಂಗೆ ಅಳೆದು ಫೋಟೋ ಹಿಡೀತಿದ್ದರು. ಹಂಗೆ ಅಳೆಸಿಕೊಳ್ಳೋ ತೊದವರ ಹೆಣ್ಣೂ ಆಗ್ಯಾರೆ.

ನಮಗೆ ಬಯಲಾಟದವರಿಗೆ ಇದು ಹೊಸದೇನಲ್ಲ. ಹೊಲದಾಗೆ ಗುಂಟಿ ಹೊಡೆಯೋನು ರಾತ್ರಿ ಭೀಮ ಆಗ್ತಾನೆ, ಭೀಮನ ಒಳಗೆ ಯಾರಿದ್ದಾರೆ ಅನ್ನೋದು ಊರಿಗೆಲ್ಲಾ ಗೊತ್ತು, ಗೊತ್ತಿದ್ದೇ ಕೈ ಮುಗೀತಾರೆ. ಆದರೆ ಒಂದು ಭೇದ ಐತೆ. ನಮ್ಮ ವೇಷದವನು ದೇವರಾಗೋಕೆ ನೋಡ್ತಾನೆ. ಪುಷ್ಪಮಾಲ ಅವರ ಲಕ್ಷ್ಮಿ ದೇವರಾಗೋಕೆ ನೋಡಾಂಗಿಲ್ಲ. ಕಮಲ ಐತೆ, ಸೀರಿ ಐತೆ, ಕಣ್ಣು ಮಾತ್ರ ‘ನನ್ನನ್ನ ಯಾರು ಹಿಂಗೆ ನಿಲ್ಲಿಸಿದರು ಗೊತ್ತಾ’ ಅಂತ ಕೇಳ್ತಾವೆ. ಮೊದಲ ಸಲ ನೋಡಿದಾಗ ಭಕ್ತಿ ಇಲ್ಲದ ಲಕ್ಷ್ಮಿ ಯಾತರ ಲಕ್ಷ್ಮಿ ಅಂತ ಅನ್ನಿಸಿದ್ದು ಸುಳ್ಳಲ್ಲ. ಆ ಲಕ್ಷ್ಮಿ ಈಗಲೂ ನನಗೆ ಒಗ್ಗಿಲ್ಲ, ಚಾಟಿ ಜಯಲಲಿತಾ ನಗು ತರಿಸ್ತದೆ ಅಷ್ಟೇ. ಅಳತೆ ಫೋಟೋ ಮಾತ್ರ ಎದಿಗೆ ನಾಟ್ತು. ಅಲ್ಲಿ ಅವರು ಒಬ್ಬ ಬಡ ಹೆಣ್ಣನ್ನ ತಂದು ನಿಲ್ಲಿಸಬಹುದಿತ್ತು, ಹತ್ತಿರದಾಗೇ ಸಿಕ್ಕೋಳು. ತಾವೇ ನಿಂತರು. ಅಳೆಸಿಕೊಳ್ಳೋ ನಾಚಿಕಿ ತಮ್ಮ ಮೈ ಮೇಲೇ ತಗೊಂಡರು. ಕಲೆಯ ಫೋಟೋ ಅಂತ ಯಾರೂ ಕೇಳದೆ ತೆಗೆಯೋವಾಗ ಅದರ ಖರ್ಚು ಯಾರ ಮೈ ಮೇಲೆ ಬೀಳ್ತದೆ ಅನ್ನೋದು ನೋಡಬೇಕು. ನಮ್ಮ ಸುಕ್ಕಿನ ಮುದುಕರ ಮೇಲೆ ಹಾಕೋದು ಸುಲಭ.

ಕನ್ನಡದಾಗೆ ಈ ಉದ್ಯೋಗಕ್ಕೆ ದಾರಿ ಹಾಕಿದವರು ಅಂದ್ರೆ ಮೈಸೂರಿನ ಟಿ. ಎಸ್. ಸತ್ಯನ್. ‘ಕಾಲಕ್ಕೆ ಕನ್ನಡಿ’ ಅಂತ ಅವರು ಕನ್ನಡದಾಗೆ ಬರೆದ ಪುಸ್ತಕ ಐತೆ, ಈ ಹಾದಿ ಹಿಡಿಯೋ ಹುಡುಗರು ಓದಬೇಕು. 1923ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಾಗೆ ಓದಿ, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದರು. ಮುಂದೆ ನೌಕರಿ ಬಿಟ್ಟು ಸ್ವಂತವಾಗಿ ಫೋಟೋ ತೆಗೆದು ಪತ್ರಿಕೆಗಳಿಗೆ ಕೊಡ್ತಾ ಬದುಕಿದರು. ಆಗಿನ ಕಾಲದಾಗೆ ಅದು ಮಳಿ ನಂಬಿ ಒಣಭೂಮಿ ಬಿತ್ತಿದಂಗೆ. ವಿಶ್ವ ಆರೋಗ್ಯ ಸಂಸ್ಥೆಗೆ ಸಿಡುಬು ಅಳಿಸೋ ಕೆಲಸದ ಫೋಟೋ ತೆಗೆದರು. 1979ರ ಮಕ್ಕಳ ವರ್ಷದಾಗೆ ಅವರು ತೆಗೆದ ಮಕ್ಕಳ ಫೋಟೋಗಳನ್ನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಮಾಡಿದರು. 1977ರಲ್ಲಿ ಪದ್ಮಶ್ರೀ ಬಂತು. 2009ರಲ್ಲಿ ಮೈಸೂರಿನಾಗೇ ತೀರಿಕೊಂಡರು. ಅವರ ಫೋಟೋಗಳಾಗೆ ರಗತ, ಬೆಂಕಿ ಹುಡುಕಬ್ಯಾಡ್ರಿ. ಸಣ್ಣ ಮಂದಿ, ಸಣ್ಣ ಸಂತೋಷ. ಕ್ಯಾಮೆರಾ ಬಂದೈತೆ ಅಂತ ಗೊತ್ತಾದರೂ ಮುಖ ಮುಚ್ಚಿಕೊಳ್ಳದ ಮಕ್ಕಳು. ಇದು ಮಾತಾಡಿಸಿಕೊಂಡು ತೆಗೆದವರಿಗೆ ಮಾತ್ರ ಬರೋದು.

ಸಂಬಳ ಬಿಟ್ಟು ಒಮ್ಮಿಗೇ ಹಾರಬೇಕು ಅಂತಲೂ ಇಲ್ಲ. ಹೈದರಾಬಾದಿನ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯಾಗೆ ಅಂದಾಜು ಲೆಕ್ಕ, ನಕ್ಷೆ ಬರೆಯೋ ನೌಕರಿ ಸೇರಿದವರು. 1874ರಲ್ಲಿ ಕ್ಯಾಮೆರಾ ಹಿಡಿದಾಗಲೂ ಆ ನೌಕರಿ ಇತ್ತು. ಹೆಸರು ಬಂದ ಮೇಲೆ ನೌಕರಿ ಬಿಟ್ಟು ಸ್ಟುಡಿಯೋ ಮಾಡಿದರು. ಪರದೆ ಒಳಗಿನ ಹೆಣ್ಣುಮಕ್ಕಳು ಗಂಡಸಿನ ಮುಂದೆ ಕುಂದ್ರಾಂಗಿಲ್ಲ ಅಂತ 1892ರಲ್ಲಿ ಹೈದರಾಬಾದಿನಾಗೆ ಅವರಿಗೇ ಬೇರೆ ಸ್ಟುಡಿಯೋ ತೆರೆದು, ನಡೆಸೋಕೆ ಹೆಣ್ಣುಮಗಳನ್ನೇ ಇಟ್ಟರು. ನಮ್ಮ ಕಡೆ ಈಗಲೂ ಸೊಸೆಯಂದಿರು ಪರ ಗಂಡಸಿನ ಕ್ಯಾಮೆರಾ ಮುಂದೆ ಕುಂದ್ರೋಕೆ ಅತ್ತಿ ಮುಖ ನೋಡ್ತಾರೆ. ಗೋಡೆ ಮೇಲೆ ಕಿಟಕಿ ಬೆಳಕಿನಾಗೆ ಕುಂತ ಹುಡುಗನ ತಂಗಿ ಫೋಟೋ ಐತಲ್ಲ, ನಡೀತದೆ ಅಂದ ಮೂರರಾಗೆ ಅದೊಂದು. ಆಕಿಗೂ ಕ್ಯಾಮೆರಾ ಹಿಡಿಯೋಕೆ ಬರ್ತದಂತೆ. ಅಣ್ಣ ಸ್ಟುಡಿಯೋ ಹಾಕಿದರೆ ಅರ್ಧ ಗಿರಾಕಿ ಆಕಿ ಹೆಸರಿಗೆ ಬರ್ತಾರೆ, ಇದನ್ನ ಆ ಮನೆಯವರು ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ.

ಇನ್ನೊಂದು ಹಳೇ ಮಾತು. ಮುಖ ಬರೆಸೋದು ಆದೋನಿಗೆ ಹೊಸದಲ್ಲ. ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಇಲ್ಲಿ ಸಿದ್ದಿ ಮಸೂದ್ ಖಾನ್ ಆಳಿದ. ಆದೋನಿ ಕೋಟಿಯಾಗೆ ಬಿಜಾಪುರ ಕಡೆಯ ಸೊಗಸಾದ ಚಿತ್ರಗಳು, ಸುಲ್ತಾನರ ಮುಖದ ಚಿತ್ರಗಳು ಇದ್ದವು. 1680ರ ದಶಕದ ಕೊನೆಗೆ ಔರಂಗಜೇಬನ ಸೈನ್ಯ ಆದೋನಿ ಹಿಡೀತು. ಆ ಸೈನ್ಯದ ಕಡೆ ಇದ್ದ ಬಿಕಾನೇರಿನ ರಾಜ ಅನೂಪ್ ಸಿಂಗ್ ಎಷ್ಟೋ ಚಿತ್ರ ತನ್ನ ಊರಿಗೆ ಒಯ್ದ. ಆತ 1698ರಲ್ಲಿ ಆದೋನಿಯಾಗೇ ಸತ್ತ, ಚಿತ್ರಗಳು ತಿರುಗಿ ಬರಲಿಲ್ಲ. ರಾಜರ ಮುಖಕ್ಕೇ ಹಂಗಾದರೆ ನಮ್ಮದೇನು. ಇಷ್ಟು ವರ್ಷದಾಗೆ ನನ್ನ ಫೋಟೋವನ್ನೇ ಎಷ್ಟು ಮಂದಿ ಹಿಡಿದಾರೋ ಲೆಕ್ಕ ಇಲ್ಲ. ತಂಬೂರಿ ಹಿಡಿಸಿ, ರುಮಾಲು ಸುತ್ತಿಸಿ, ಹೊಲದಾಗೆ ನಿಲ್ಲಿಸಿ ಹಿಡಿದರು. ಒಂದು ಸಲ ಒಂದು ಹೊತ್ತಿಗಿಯಾಗೆ ಅಚ್ಚಾಗಿದ್ದು ಕಂಡೆ, ಕೆಳಗೆ ‘ಜಾನಪದ ಗಾಯಕ’ ಅಂತಿತ್ತು. ನನ್ನ ಹೆಸರು ಇರಲಿಲ್ಲ. ಕೊಟ್ಟು ಕಳಿಸ್ತೀವಿ ಅಂದ ಪ್ರತಿ ಇವತ್ತಿಗೂ ಬಂದಿಲ್ಲ. ನಮ್ಮ ಮನ್ಯಾಗೆ ನಾನು ಹಾಡೋ ಫೋಟೋ ಒಂದೂ ಇಲ್ಲ.

ಹಂಗಾಗಿ ಹುಡುಗನ ಕೆಲಸದಾಗೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫೋಟೋ ಅಲ್ಲ, ಅವನ ಒಂದು ಪದ್ಧತಿ. ಯಾರ ಮುಖ ತೆಗೆದರೂ ಮೊದಲ ಪ್ರತಿ ಅವರ ಮನಿಗೆ ಕೊಡ್ತಾನೆ, ಆಮೇಲೆ ಗೋಡೆಗೆ ಹಾಕ್ತಾನೆ. ಹಮಾಲಿಗೆ ಕೊಡೋಕೆ ಮೂರು ಸಲ ಆದೋನಿಗೆ ತಿರುಗ್ಯಾನಂತೆ. ಬಸ್ಸಿನ ರೊಕ್ಕ ದಂಡ ಅಂತ ಅವರಪ್ಪ ಬೈದರು. ದಂಡ ಅಲ್ಲ ಅಂತ ನಾನು ವಾದ ಮಾಡಿದೆ. ಆ ಹಮಾಲಿ ತನ್ನ ಮಗಳ ನಿಶ್ಚಿತಾರ್ಥಕ್ಕೆ ಇವನನ್ನೇ ಕರೆದಾನೆ.

ಈಗ ಮುಂದೇನು ಅನ್ನೋ ಮಾತು. ಅವನ ಮುಂದೆ ಎರಡು ದಾರಿ ಅದಾವೆ: ಬೆಂಗಳೂರಿಗೆ ಹೋಗಿ ರೊಕ್ಕ ಕಟ್ಟಿ ಕೋರ್ಸ್ ಓದೋದು, ಇಲ್ಲಾ ಆದೋನಿಯ ಸ್ಟುಡಿಯೋದಾಗೆ ಕೈಕೆಲಸಕ್ಕೆ ಸೇರೋದು. ಸ್ಟುಡಿಯೋ ಕೆಲಸ ಅಂದ್ರೆ ಅವನಿಗೆ ಬ್ಯಾಸರ. ದಿನಾ ಪಾಸ್‌ಪೋರ್ಟ್ ಸೈಜು, ಮದುವಿ ಬಂದರೆ ಡ್ರೋನು, ಆಲ್ಬಮ್ಮು, ಹುಟ್ಟುಹಬ್ಬದ ಫ್ಲೆಕ್ಸು. ಇದರಾಗೆ ಕಲೆ ಎಲ್ಲಿ ಐತೆ ತಾತ ಅಂತಾನೆ. ನಾನು ಸ್ಟುಡಿಯೋ ಕಡೆ. ಪಾಸ್‌ಪೋರ್ಟ್ ಫೋಟೋ 35 ಮಿಲಿಮೀಟರ್ ಅಗಲ, 45 ಎತ್ತರ. ನಗೋ ಹಂಗಿಲ್ಲ, ತಿರುಗೋ ಹಂಗಿಲ್ಲ, ಹಿಂದೆ ಬರೀ ಬಿಳೀ ಪರದೆ. ಅಷ್ಟರಾಗೆ ಒಬ್ಬ ಮನುಷ್ಯನ ಗಾಬರಿ ಇಳಿಸಿ ಅವನನ್ನ ಅವನಂಗೆ ಕಾಣಿಸೋದು ಕಲಿತರೆ ಉಳಿದದ್ದೆಲ್ಲಾ ಬರ್ತದೆ. ಹಾಡಿನಾಗೂ ಹಂಗೇ, ಮೊದಲು ಶ್ರುತಿ ಹಿಡಿದು ಒಂದೇ ಸ್ವರದ ಮೇಲೆ ನಿಂದ್ರಿಸ್ತಾರೆ. ದಿನಕ್ಕೆ ಹತ್ತಿಪ್ಪತ್ತು ಮುಖ ಎದುರಿಗೆ ಬಂದು ಕುಂದ್ರೋ ಸಾಲಿ ಇನ್ಯಾವ ಕೋರ್ಸಿನಾಗೆ ಐತೆ? ಬೆಂಗಳೂರಿನಾಗೆ ಕಲಿಯೋದು ಇಲ್ಲ ಅಂತಲ್ಲ. ದೊಡ್ಡವರ ಪ್ರದರ್ಶನ ನೋಡಬೇಕು, ಪ್ರಿಂಟು ಎಂಗೆ ತೆಗೀತಾರೆ ತಿಳೀಬೇಕು, ಫೋನಿನಾಗೆ ನೋಡೋದು ಊಟದ ವಾಸನಿ ನೋಡಿದಂಗೆ ಅಷ್ಟೇ. ಬೆಂಡೋಲಿ ಬಿಡಿಸಿದ ಮೇಲೆ ಹೋಗಲಿ. ಅಲ್ಲೀ ತನಕ ಮದುವಿ ಕೆಲಸ ಹಿಡಿದು, ಒಂದೊಂದು ಮದುವ್ಯಾಗೆ ಒಂದೊಂದು ಮುಖ ತನಗಾಗಿ ತೆಗೆದಿಟ್ಟುಕೊಳ್ಳಲಿ. ಹಲಿಗಿ ಬಾರಿಸೋನು, ಅಡಿಗಿ ಹೆಂಗಸು, ಮೂಲ್ಯಾಗೆ ಕುಂತ ವಿಧವಿ ಅಕ್ಕ. ಆಲ್ಬಮ್ಮಿನಾಗೆ ಇವರ್ಯಾರೂ ಬರಾಂಗಿಲ್ಲ.

ವಾಚನಾಲಯದವರಿಗೂ ಒಂದು ಮಾತು ಐತೆ. ಫೋಟೋಗಳಿಗೆ ಗಾಜು ಹಾಕಿಸ್ರಿ, ಸುಗ್ಗಿ ಧೂಳಿಗೆ ಎರಡು ಆಗಲೇ ಮಂಕಾಗ್ಯಾವೆ. ಕೆಳಗೆ ‘ಕೌದಿ ಅಜ್ಜಿ’, ‘ಹಮಾಲಿ’ ಅಂತ ಚೀಟಿ ಅಂಟಿಸೀರಿ, ಅದನ್ನ ಕಿತ್ತು ಅವರವರ ಹೆಸರು ಕೇಳಿ ಬರೀರಿ. ಕನ್ನಡದಾಗೂ ತೆಲುಗಿನಾಗೂ ಎರಡೂ ಬರೀಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ನಾವು ಆಂಧ್ರಕ್ಕೆ ಬಂದ ಮೇಲೆ ಮನಿ ಮಾತು ಒಂದು, ಸಾಲಿ ಅಕ್ಷರ ಇನ್ನೊಂದು ಆಗ್ಯಾವೆ. ಆ ಅಜ್ಜಿಯ ಮೊಮ್ಮಕ್ಕಳು ಓದೋದು ತೆಲುಗು. ಅವರು ಬಂದು ನಿಂತು ತಮ್ಮ ಅಜ್ಜಿ ಹೆಸರು ಓದೋಕಾದರೂ ಆಗಬೇಕು.